ಬಾಗಿಲು ಮುಚ್ಚುವ ತನಕ ನೋಡುವುದು

ಆ ಸಂಜೆ ನನ್ನ ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಅಮ್ಮನ ತೊಡೆಯಲ್ಲಿ ಮಲಗಿದ್ದ ಜ್ವರದ ಮಗುವಿಗೆ ಫಿಟ್ಸ್ ಬರಬಹುದಿತ್ತು. ಎದೆನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ತಣ್ಣಗೆ ಕೂತಿದ್ದವರು ಯಾರಾದರೂ ಅಲ್ಲೇ ಕುಸಿಯಬಹುದಿತ್ತು. ಕಾದು ರೋಸಿದವರೆಲ್ಲ ಎದ್ದು, ಮೇನ್ ರೋಡಿನಲ್ಲಿ ಹೊಸದಾಗಿ ತೆರೆದಿರುವ ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ ಹೋಗಿ, ಅಲ್ಲಿನ ಎಸಿಗೆ ಒಗ್ಗಿಕೊಂಡು, ಮತ್ತೆ ನನ್ನ ಕಡೆ ತಲೆ ಹಾಕದೆ ಇರಬಹುದಿತ್ತು. ಗಂಟಲು ಕಟ್ಟಿಕೊಂಡು ಕೂತಿದ್ದ ಬಡಾವಣೆ ಸಂಘದ ಅಧ್ಯಕ್ಷರು, ಗಂಟಲು ಬಿಟ್ಟ ಮೇಲೆ ಅದನ್ನು ಮೊದಲು ನನ್ನ ಮೇಲೆಯೇ ಉಪಯೋಗಿಸಬಹುದಿತ್ತು. ಡಾಕ್ಟ್ರಮ್ಮನಿಗೆ ತಲೆ ಕೆಟ್ಟಿದೆ ಅನ್ನುವ ಸುದ್ದಿ ಹಾಲಿನ ಬೂತು, ತರಕಾರಿ ಗಾಡಿ ದಾಟಿ ನನಗಿಂತ ಮುಂಚೆ ನನ್ನ ಮನೆ ತಲುಪಬಹುದಿತ್ತು. ನಾನು ಗೇಟಿನ ತನಕ ಓಡಿ ಕರೆತಂದ ಮನುಷ್ಯ, "ನನಗೇನು ಹುಚ್ಚು ಅಂದ್ಕೊಂಡ್ರಾ ಮೇಡಂ?" ಅಂತ ಎಲ್ಲರೆದುರಿಗೆ ಕೇಳಿ ಹೊರಟುಬಿಡಬಹುದಿತ್ತು. ಪಟ್ಟಿಯಲ್ಲಿ ಕೊನೆಯದಾಗಿ ಬರೆಯುತ್ತಿದ್ದರೂ ತಲೆಗೆ ಮೊದಲು ಬಂದದ್ದು ಇದು: ನಾನು ಕರೆಯದೆ ಸುಮ್ಮನಿದ್ದಿದ್ದರೆ ಆ ಮನುಷ್ಯ ಮಾರನೆಯ ಬೆಳಗ್ಗೆ ಇಲ್ಲದೆ ಹೋಗಬಹುದಿತ್ತು.

ಇಂಥ ಪಟ್ಟಿ ಮಾಡುವುದು ನನಗೆ ಅಭ್ಯಾಸ. ಮನೆ ಬೀಗ ಹಾಕಿ ಗೇಟಿನ ತನಕ ಬಂದವಳು ವಾಪಸ್ ಹೋಗಿ ಬೀಗ ಎಳೆದು ನೋಡುತ್ತೇನೆ. "ಗ್ಯಾಸ್ ಆಫ್ ಮಾಡಿದೀನಾ ನೋಡಿ," ಅಂತ ದಾರಿಯಿಂದ ಫೋನ್ ಮಾಡಿದರೆ ನನ್ನ ಗಂಡ, "ನಾವು ಇಂಡಕ್ಷನ್ ಸ್ಟವ್ ತಗೊಂಡು ವರ್ಷ ಆಯ್ತು ಕಣೇ," ಅನ್ನುತ್ತಾರೆ. ಇಂಥವಳು ಡಾಕ್ಟರಾಗಿ, ಬಸವೇಶ್ವರನಗರದ ಒಂದು ಮನೆಯ ಕೆಳಗಡೆ ಫ್ಯಾಮಿಲಿ ಕ್ಲಿನಿಕ್ ಇಟ್ಟುಕೊಂಡರೆ ಏನಾಗುತ್ತದೆ ಊಹಿಸಿಕೊಳ್ಳಿ. ಹಗಲೆಲ್ಲ ಪೇಷೆಂಟುಗಳನ್ನು ನೋಡುವುದು, ಅಡುಗೆಮನೆಯಲ್ಲಿ ಅವರನ್ನೇ ಮತ್ತೊಂದು ಸುತ್ತು ತಲೆಯೊಳಗೆ ನೋಡುವುದು. ಆ ಹೊಟ್ಟೆನೋವಿನ ಹುಡುಗಿಯದು ಅಪೆಂಡಿಕ್ಸ್ ಇರಬಹುದಾ? ಆ ತಾತನಿಗೆ ಒಂದೇ ಕಾಲು ಊದಿತ್ತಾ, ಎರಡೂನಾ? ಎದುರಿಗೆ ಕೂತಿದ್ದಾಗ ಕೇಳಬೇಕಾದ್ದನ್ನು ಸಾರಿಗೆ ಒಗ್ಗರಣೆ ಹಾಕುವಾಗ ಕೇಳಿಕೊಳ್ಳುವ ವೈದ್ಯೆ ನಾನು.

ಹಾಗಾಗಿಯೇ ಡಾಕ್ಟರುಗಳಿಗೆಂದು ನಡೆದ ಒಂದು ಮೈಂಡ್‌ಫುಲ್‌ನೆಸ್, ಅಂದರೆ ಮಾಡುವ ಕೆಲಸದಲ್ಲೇ ಮನಸ್ಸಿಡುವ, ತರಬೇತಿಗೆ ಹೆಸರು ಕೊಟ್ಟೆ. ರಾಜಾಜಿನಗರದ ಒಂದು ಹೋಟೆಲಿನ ಹಾಲ್. ತರಬೇತಿ ಕೊಡುವವರು ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ಅದನ್ನು ನೋಡಿ, ಮುಟ್ಟಿ, ಮೂಸಿ, ಆಮೇಲೆ ನಿಧಾನವಾಗಿ ತಿನ್ನಿ ಅಂದರು. ನನ್ನ ಪಕ್ಕದಲ್ಲಿದ್ದ ಮಕ್ಕಳ ಡಾಕ್ಟರು ಒಂದೇ ಸಲಕ್ಕೆ ನುಂಗಿ ಇನ್ನೊಂದು ಕೇಳಿದರು. ನಾನು, ಇದನ್ನು ತೊಳೆದಿದ್ದಾರೋ ಇಲ್ಲವೋ ಅಂತ ಯೋಚಿಸುತ್ತ ಕೂತಿದ್ದೆ. ಕೊನೆಗೆ ತರಬೇತಿಯವರು, "ದಿನಾ ಬೆಳಗ್ಗೆ ಸ್ವಲ್ಪ ಹೊತ್ತು ಕೂತ್ರೆ ನಿಮ್ಮ ಪ್ರೊಡಕ್ಟಿವಿಟಿ ಜಾಸ್ತಿ ಆಗುತ್ತೆ. ಅದೇ ಟೈಮಲ್ಲಿ ಇನ್ನೂ ಹೆಚ್ಚು ಪೇಷೆಂಟ್ಸ್ ನೋಡ್ಬಹುದು," ಅಂದರು. ನನಗೆ ಮೈ ಉರಿದದ್ದು ಅಲ್ಲೇ. ಕಣ್ಣು ಮುಚ್ಚಿ ಕೂರುವುದು ಇನ್ನಷ್ಟು ಜೋರಾಗಿ ಓಡುವುದಕ್ಕಾ? ಕೈ ಎತ್ತಿ, "ಕಡಿಮೆ ಪೇಷೆಂಟ್ಸ್ ನೋಡೋಕೆ ಏನಾದ್ರೂ ಇದ್ರೆ ಹೇಳಿಕೊಡಿ ಸಾರ್," ಅಂದೆ. ಹಾಲ್ ಪೂರ್ತಿ ನಕ್ಕಿತು. ಅವರು ನಗಲಿಲ್ಲ. ಉಸಿರಿನ ಕಡೆ ಗಮನ ಕೊಡಿ ಅಂದರು.

ಬೆಳಗ್ಗೆ ಕೂರುವುದಂತೂ ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಹಾಗಾಗಿ ಕಲಿತದ್ದನ್ನು ನನಗೆ ಬೇಕಾದ ಅಳತೆಗೆ ಕತ್ತರಿಸಿಕೊಂಡೆ. ಒಬ್ಬರನ್ನು ನೋಡಿ ಇನ್ನೊಬ್ಬರನ್ನು ಕರೆಯುವ ಮುಂಚೆ ಹೇಗೂ ಕೈ ತೊಳೆಯಬೇಕು. ಆ ಹೊತ್ತಿನಲ್ಲಿ ನೀರು, ಸೋಪು, ನೆಲಕ್ಕೆ ತಾಗಿದ ಅಂಗಾಲು ಇಷ್ಟರ ಮೇಲೆ ಮಾತ್ರ ಗಮನ. ಕೈ ಒರೆಸಿಕೊಂಡ ಮೇಲೆ ಬೆಲ್. ಪೇಷೆಂಟ್ ಮಾತಾಡುವಾಗ ಪೆನ್ನಿಗೆ ಮುಚ್ಚಳ, ಎರಡೂ ಕೈ ಮೇಜಿನ ಮೇಲೆ, ಅವರು ತಾವಾಗಿ ನಿಲ್ಲಿಸುವ ತನಕ ನಾನು ಬಾಯಿ ಹಾಕುವಂತಿಲ್ಲ. ಇವೆರಡರಲ್ಲೂ ನಾನು ಸೋಲುವುದು ಖಂಡಿತ ಅನ್ನಿಸಿ, ಸುಲಭದ್ದೊಂದು ಇರಲಿ ಅಂತ ಮೂರನೆಯದನ್ನು ಸೇರಿಸಿದೆ: ಎದ್ದು ಹೋಗುವವರನ್ನು ಬಾಗಿಲು ಮುಚ್ಚುವ ತನಕ ನೋಡುವುದು. ಮುಂಚೆ ಅವರು ಏಳುವಷ್ಟರಲ್ಲಿ ನಾನು ಮುಂದಿನವರ ಫೈಲಿನೊಳಗೆ ಮುಳುಗಿರುತ್ತಿದ್ದೆ. ಎಷ್ಟೋ ವರ್ಷದಿಂದ ಬರುತ್ತಿದ್ದವರ ಬೆನ್ನು ಹೇಗಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಮೊದಲ ಏಟು ಬಿದ್ದದ್ದು ನೀರಿನ ಕಡೆಯಿಂದ. ಮೇಲೆ ಇರುವ ಮನೆ ಓನರ್ ಇಳಿದು ಬಂದು, "ಡಾಕ್ಟ್ರಮ್ಮ, ಕೆಳಗೆ ಏನ್ ಬಟ್ಟೆ ಒಗೀತಿದೀರಾ? ಸಂಪು ಸಂಜೆಗೇ ತಳ ಕಾಣ್ತಿದೆ," ಅಂದರು. ನಲ್ಲಿ ಬಿಟ್ಟು ಜಗ್ಗಿಗೆ ಬಂದೆ. ಜಗ್ಗಿನ ನೀರಿನಲ್ಲಿ ನೆಮ್ಮದಿ ಕಾಣುವುದು ಕಷ್ಟ; ಒಂದು ಕೈಯಲ್ಲಿ ಜಗ್ಗು ಹಿಡಿದರೆ ತೊಳೆಯುವುದು ಯಾವ ಕೈಯನ್ನು? ಎರಡನೆಯ ಏಟು ಕೌಂಟರಿನಿಂದ. ಅಲ್ಲಿ ಕೂರುವ ಅಕ್ಕ ನನಗಿಂತ ಹಿರಿಯರು. ಟೋಕನ್ ಕೊಡುವುದು, ಜಗಳ ಬಿಡಿಸುವುದು, ಅಗತ್ಯ ಬಿದ್ದರೆ ಹಚ್ಚುವುದು ಎಲ್ಲ ಅವರ ಇಲಾಖೆ. ಅವರಿಗೆ ನನ್ನ ಹೊಸ ಪದ್ಧತಿ ಒಂದಿಷ್ಟೂ ಹಿಡಿಸಲಿಲ್ಲ. ಗೋಡೆಯಾಚೆಯಿಂದ ಮಾತು ನನಗೆ ಕೇಳುತ್ತಲೇ ಇರುತ್ತಿತ್ತು.

"ಮೇಡಂ ಒಳಗೆ ಏನ್ ಮಾಡ್ತಿದಾರೆ?"

"ಕೈ ತೊಳೀತಿದಾರೆ."

"ಇಷ್ಟೊತ್ತಾ? ಏನಾದ್ರೂ ಅಂಟ್ಕೊಂಡಿದ್ಯಾ?"

"ಧ್ಯಾನ ಅಂತೆ. ಕೂತ್ಕೊಳಿ, ನಿಮ್ದೂ ಆಗುತ್ತೆ."

ಒಂದು ದಿನ ಬೆಲ್ ಒತ್ತುವ ಮೊದಲೇ ಒಳಗೆ ಬಂದ ಒಬ್ಬ ಆಂಟಿ, ನಾನು ಸಿಂಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದನ್ನು ಕಂಡು ಗಾಬರಿಯಾಗಿ ನನ್ನ ತೋಳು ಹಿಡಿದುಕೊಂಡರು. "ತಲೆಸುತ್ತಾ ಮೇಡಂ? ಕೂತ್ಕೊಳಿ, ಕೂತ್ಕೊಳಿ. ಬೆಳಗ್ಗೆಯಿಂದ ಏನಾದ್ರೂ ತಿಂದಿದೀರಾ?" ಅಂತ ನನ್ನನ್ನೇ ಪೇಷೆಂಟಿನ ಸ್ಟೂಲಿನ ಮೇಲೆ ಕೂರಿಸಿ, ಬ್ಯಾಗಿನಿಂದ ಬಾಳೆಹಣ್ಣು ತೆಗೆದರು. ತಿಂದೆ. ಆ ದಿನ ನಾನು ಪೂರ್ತಿ ಗಮನ ಕೊಟ್ಟು ಮಾಡಿದ ಕೆಲಸ ಅದೊಂದೇ ಇರಬೇಕು.

ನನ್ನ ತಲೆಯೂ ಏನು ಸಹಕರಿಸುತ್ತಿರಲಿಲ್ಲ. ಅಂಗಾಲಿನ ಮೇಲೆ ಗಮನ ಇಟ್ಟರೆ ಅಂಗಾಲಿನಲ್ಲಿ ಉರಿ ಇದೆಯಾ, ಶುಗರ್ ಬಂದಿದೆಯಾ ಅನ್ನುವ ಕಡೆ ಹೋಗುತ್ತಿತ್ತು. ಆದರೆ ಜನ ಗೊಣಗಿದಷ್ಟೂ ನನಗೆ ಹಟ ಹೆಚ್ಚುತ್ತಿತ್ತು. ಇನ್ನೊಂದು ಕ್ಲಿನಿಕ್ಕಿನ ಸ್ನೇಹಿತೆ, "ನಮ್ಮಂಥೋರಿಗೆ ಇದೆಲ್ಲ ಆಗಲ್ಲ ಕಣೇ, ಟೈಮೆಲ್ಲಿದೆ?" ಅಂದಾಗ, "ಟೈಮ್ ಇಲ್ಲ. ಇಲ್ದೇ ಇರೋದ್ರಲ್ಲೇ ಮಾಡ್ತೀನಿ," ಅಂದಿದ್ದೆ. ಹಾಗೆ ಅಂದಮೇಲೆ ಮಾಡಲೇಬೇಕಾಯಿತು.

ರಾಜ್ಯೋತ್ಸವದ ವಾರ, ಜ್ವರದ ಕಾಲ ಇನ್ನೂ ಮುಗಿದಿರಲಿಲ್ಲ. ಆ ಸಂಜೆ ವರಾಂಡದ ಬೆಂಚುಗಳು ತುಂಬಿ ಜನ ಕಾಂಪೌಂಡಿನ ಗೋಡೆಗೆ ಒರಗಿ ನಿಂತಿದ್ದರು. ಒಳಗೆ ಬಂದವರು ನನಗೆ ಹಳಬರು, ಐವತ್ತರ ಆಸುಪಾಸಿನವರು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಂತ ಲೇತ್ ಶೆಡ್ ಇದೆ. ತಾಯಿಗೆ ಬಿಪಿ, ಹೆಂಡತಿಗೆ ಥೈರಾಯ್ಡ್, ಮಗನಿಗೆ ಆಗಾಗ ವೀಸಿಂಗ್, ಇಡೀ ಮನೆಯೇ ನನ್ನ ಪೇಷೆಂಟು. ಈ ಮನುಷ್ಯ ಮಾತ್ರ ತನಗೆ ಅಂತ ಬರುವುದು ಅಪರೂಪ. ಆ ದಿನ ಕೆಮ್ಮು ಅಂತ ಬಂದಿದ್ದರು.

ಪೆನ್ನಿಗೆ ಮುಚ್ಚಳ ಹಾಕಿ ಕೂತೆ. ಅವರು ಹೆಚ್ಚೇನೂ ಹೇಳಲಿಲ್ಲ. ಕೆಮ್ಮು ಒಂದು ವಾರದ್ದು, ಕಫ ಇಲ್ಲ, ಜ್ವರ ಇಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದೆ, ಸದ್ದು ಸರಿಯಿತ್ತು. ಬಿಪಿ ಸ್ವಲ್ಪ ಮೇಲಿತ್ತು. ತೂಕ ಇಳಿದ ಹಾಗೆ ಕಂಡಿತು. ಕೇಳಿದರೆ, "ಓಡಾಟ ಮೇಡಂ," ಅಂದರು. ನಿದ್ದೆ? "ಬರುತ್ತೆ." ಕೆಮ್ಮಿಗೆ ಬರೆದುಕೊಟ್ಟೆ. ಆಮೇಲೆ ತಾಯಿಯ ಫೈಲ್ ಮುಂದಿಟ್ಟು, "ಅಮ್ಮನ ಮಾತ್ರೆ ಇನ್ಮೇಲೆ ನಮ್ಮ ಮನೆಯವ್ರು ಬಂದು ತಗೋತಾರೆ. ಯಾವ್ದು ಯಾವಾಗ ಅಂತ ಅವರಿಗೊಂದು ಸಲ ಹೇಳ್ಬಿಡಿ," ಅಂದರು. ಆಗಲಿ ಅಂದೆ. ಅದರಲ್ಲೇನು ವಿಶೇಷ? ಹೆಂಡತಿಯರ ತಲೆಗೆ ಕೆಲಸ ಕಟ್ಟುವ ಗಂಡಂದಿರನ್ನು ನಾನು ದಿನಾ ನೋಡುತ್ತೇನೆ.

ಅವರು ಎದ್ದರು. ನಿಯಮದಂತೆ ನಾನು ಕತ್ತು ಬಗ್ಗಿಸದೆ ನೋಡುತ್ತ ಕೂತೆ. ಬಾಗಿಲ ಹತ್ತಿರ ತಿರುಗಿ, "ಹೋಗ್ತೀನಿ ಮೇಡಂ," ಅಂದರು. ಬಾಗಿಲು ಮುಚ್ಚಿತು.

ಸಿಂಕಿನ ಮುಂದೆ ನಿಂತು ಕೈಗೆ ಸೋಪು ಹಚ್ಚುತ್ತಿದ್ದೆ. ಯಾವ ಯೋಚನೆಯೂ ಮಾಡುತ್ತಿರಲಿಲ್ಲ, ಅದೇ ತಾನೆ ಅಭ್ಯಾಸ. ಆಗ ಆ ಮಾತು ಇನ್ನೊಂದು ಸಲ ಕೇಳಿಸಿತು. ಹೋಗ್ತೀನಿ.

ನಮ್ಮ ಕಡೆ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. ಮನೆಯಿಂದ ಹೊರಡುವ ಮಗು ಬಾಯಿತಪ್ಪಿ ಹೋಗ್ತೀನಿ ಅಂದರೆ, ಬರ್ತೀನಿ ಅನ್ನು ಅಂತ ಗದರಿಸಿ ತಿದ್ದುತ್ತೇವೆ. ನನ್ನ ಟ್ರೀಟ್‌ಮೆಂಟಿನ ಮೇಲೆ ಸಿಟ್ಟಾಗಿ, ಇನ್ನೆಂದೂ ಈ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ ಅಂತ ಮನಸ್ಸಿನಲ್ಲೇ ಆಣೆ ಹಾಕಿಕೊಂಡವರೂ ಬಾಗಿಲಲ್ಲಿ ಬರ್ತೀನಿ ಅಂತಲೇ ಹೇಳಿ ಹೋಗುತ್ತಾರೆ. ಈಗಿನ ಹುಡುಗರು ಬೈ ಅಂತಾರೆ, ಸರಿ. ಆದರೆ ಈ ಮನುಷ್ಯನಿಗೆ ಹೊರಡುವಾಗ ಹೇಳುವ ತಮಾಷೆಯ ಮಾತೊಂದಿತ್ತು. ಎಷ್ಟೋ ವರ್ಷದಿಂದ ಅದನ್ನೇ ಹೇಳಿ, ತಾವೇ ನಕ್ಕು ಹೋಗುತ್ತಿದ್ದರು: "ಬರ್ತೀನಿ ಮೇಡಂ. ಬರ್ದಂಗೆ ನೋಡ್ಕೊಳಿ."

ಇಲ್ಲಿ ನನ್ನ ಸ್ವಭಾವದ ಬಗ್ಗೆ ನನಗೇ ಅನುಮಾನ ಬಂತು. ನನ್ನಂಥವಳಿಗೆ ಏನು ತಾನೆ ಅಪಶಕುನವಾಗಿ ಕೇಳಿಸುವುದಿಲ್ಲ? ಆದರೆ ನನ್ನ ಗಾಬರಿ ನನಗೆ ಚೆನ್ನಾಗಿ ಪರಿಚಯ. ಅದು ಹೊಟ್ಟೆಯಲ್ಲಿ ಶುರುವಾಗುತ್ತದೆ, ಜೊತೆಗೆ ಸಿನಿಮಾ ಓಡುತ್ತದೆ. ಕೋರ್ಟು, ಪೇಪರಿನಲ್ಲಿ ಸುದ್ದಿ, ಸುದ್ದಿಯ ಪಕ್ಕ ನನ್ನದೊಂದು ಕೆಟ್ಟ ಫೋಟೋ. ಆ ಸಿನಿಮಾದಲ್ಲಿ ಹೀರೋಯಿನ್ ಯಾವಾಗಲೂ ನಾನೇ. ಈಗ ಹೊಟ್ಟೆ ಸುಮ್ಮನಿತ್ತು. ಸಿನಿಮಾ ಇರಲಿಲ್ಲ. ಕಣ್ಣ ಮುಂದೆ ಇದ್ದದ್ದು ಆತನ ಬೆನ್ನು, ಇಳಿದ ತೂಕ, ಮೇಜಿನ ಮೇಲೆ ನೀಟಾಗಿ ಇಟ್ಟು ಹೋದ ತಾಯಿಯ ಫೈಲು. ಇನ್ಮೇಲೆ ನಮ್ಮ ಮನೆಯವ್ರು. ಇನ್ಮೇಲೆ.

ಸೋಪಿನ ಕೈಯಲ್ಲೇ ಬಾಗಿಲು ತೆಗೆದು ಓಡಿದೆ. ಮುಂದಿನ ಟೋಕನ್ ಸಂಘದ ಅಧ್ಯಕ್ಷರದು. ಅವರು ಆಗಲೇ ಎದ್ದು ನಿಂತು ಒಳಗೆ ಕಾಲಿಡುವುದರಲ್ಲಿದ್ದರು. ಅವರನ್ನು ಸುತ್ತಿಕೊಂಡು ವರಾಂಡ ಇಳಿದು ಹೋಗುವಷ್ಟರಲ್ಲಿ ಲೇತ್ ಶೆಡ್ಡಿನವರು ಗೇಟಿನ ಚಿಲಕ ತೆಗೆಯುತ್ತಿದ್ದರು.

"ಸ್ವಲ್ಪ ಒಳಗೆ ಬನ್ನಿ. ಒಂದು ವಿಷಯ ಕೇಳೋದು ಮರೆತೆ."

"ಪರ್ವಾಗಿಲ್ಲ ಬಿಡಿ ಮೇಡಂ. ಜನ ಕಾಯ್ತಿದಾರೆ."

"ಜನ ದಿನಾ ಕಾಯ್ತಾರೆ. ಬನ್ನಿ."

ಅವರು ನನ್ನ ಕೈ ನೋಡಿದರು. ನೊರೆ ಮೊಣಕೈ ತನಕ ಇಳಿಯುತ್ತಿತ್ತು. ಅದನ್ನು ನೋಡಿಯೋ ಏನೋ, ಮರುಮಾತಾಡದೆ ವಾಪಸ್ ಬಂದರು.

ವರಾಂಡದಲ್ಲಿ ಗಲಾಟೆ ಶುರುವಾಗಿತ್ತು. ನೋಡಿ ಆದವರನ್ನು ಮತ್ತೆ ಒಳಗೆ ಕರೆಯುವುದೆಂದರೇನು? ಅಧ್ಯಕ್ಷರು ಬಾಗಿಲಿಗೆ ಅಡ್ಡ ನಿಂತು, ಇದ್ದ ಅರ್ಧ ಗಂಟಲಿನಲ್ಲಿ ಪಿಸುಗುಟ್ಟಿದರು. "ಮೇಡಂ, ನಾನು ಸ್ಟೇಜ್ ಮೇಲೆ ಮಾತಾಡ್ಬೇಕು. ರಾಜ್ಯೋತ್ಸವ. ನಂದು ಬರೀ ಎರಡ್ ನಿಮಿಷದ ಕೆಲ್ಸ."

"ಎರಡು ನಿಮಿಷದ್ದು ಅಂತಲೇ ಕಾಯಬಹುದು ಸಾರ್."

"ನಾನು ಯಾರು ಅಂತ ಗೊತ್ತಲ್ಲ ನಿಮಗೆ?"

"ಗೊತ್ತು ಸಾರ್. ಮಾತಾಡ್ಬೇಡಿ, ಇರೋ ಗಂಟಲೂ ಹೋಗುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಲೇತ್ ಶೆಡ್ಡಿನವರನ್ನು ಒಳಗೆ ಕೂರಿಸಿ, ಕೈಯ ನೊರೆ ತೊಳೆದುಕೊಂಡು, ಬಾಗಿಲು ತೆರೆದಿಟ್ಟುಕೊಂಡೇ ನಾನು ಹೊಸ್ತಿಲಲ್ಲಿ ನಿಂತು ಬೆಂಚುಗಳ ಮೇಲೆ ಕಣ್ಣಾಡಿಸಿದೆ. ಮುಖದ ಬಣ್ಣ, ಉಸಿರಾಟ, ಬೆವರು. "ಎದೆನೋವು, ಉಸಿರಾಟದ ತೊಂದ್ರೆ ಇರೋರು ಕೈ ಎತ್ತಿ." ಒಬ್ಬ ಅಜ್ಜಿ ಕೈ ಎತ್ತಿದರು. ಕೇಳಿದರೆ ಮಂಡಿನೋವು. ತೊಡೆಯ ಮೇಲಿದ್ದ ಜ್ವರದ ಮಗುವನ್ನು ಮಾತ್ರ ಅಲ್ಲೇ ನೋಡಿದೆ. ಕರೆದರೆ ಕಣ್ಣು ಬಿಡುತ್ತಿತ್ತು, ನೀರು ಕುಡಿಯುತ್ತಿತ್ತು, ಕತ್ತು ಬಗ್ಗುತ್ತಿತ್ತು, ಮೈಮೇಲೆ ಚುಕ್ಕಿಗಳಿರಲಿಲ್ಲ. ತೂಕ ನೋಡಿ ಜ್ವರದ ಸಿರಪ್ ಕುಡಿಸಿ, ಸ್ವೆಟರ್ ಬಿಚ್ಚಿಸಿದೆ. ಮಗು ಮಂಕಾದರೆ ಬಾಗಿಲು ಬಡಿಯಿರಿ ಅಂತ ತಾಯಿಗೆ ಹೇಳಿದೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ನನಗೆ ತಡ ಆಗುತ್ತೆ. ಎಷ್ಟು ಅಂತ ಗೊತ್ತಿಲ್ಲ. ನಾಳೆ ಬರೋಕಾಗೋರು ಬನ್ನಿ, ಬೇರೆ ಕಡೆ ಹೋಗೋರು ಹೋಗಿ, ನನಗೆ ಬೇಜಾರಿಲ್ಲ," ಅಂದೆ. ಬೇಜಾರಿತ್ತು. ಆದರೂ ಅಂದೆ. ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿದೆ. ಈ ಕ್ಲಿನಿಕ್ ಶುರು ಮಾಡಿದ ಮೇಲೆ ಆ ಚಿಲಕ ಹಾಕಿದ್ದು ಅದೇ ಮೊದಲು. ತುಕ್ಕು ಹಿಡಿದಿತ್ತು, ಎಳೆದಾಡಬೇಕಾಯಿತು.

ಎದುರಿಗೆ ಕೂತೆ. ಧೈರ್ಯ ಎಲ್ಲ ವರಾಂಡದಲ್ಲೇ ಖರ್ಚಾಗಿತ್ತು. ನೇರವಾಗಿ ಕೇಳಬೇಕು ಅಂತ ನನಗೆ ಗೊತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವುದು ಸುಳ್ಳು ಅಂತಲೂ ಗೊತ್ತು. ಆದರೂ ಬಾಯಿಗೆ ಬಂದದ್ದು, "ಮನಸ್ಸಿಗೆ ಏನಾದ್ರೂ ಬೇಜಾರಾ?"

"ಹಂಗೇನಿಲ್ಲ ಮೇಡಂ."

ಬೇಜಾರು ಅನ್ನುವ ಮಾತನ್ನು ನಾವು ಪೂರ್ತಿ ಸವೆಸಿಬಿಟ್ಟಿದ್ದೇವೆ. ಬಸ್ಸು ಬರದಿದ್ದರೂ ಬೇಜಾರು, ದೋಸೆ ಸೀದರೂ ಬೇಜಾರು. ಅದರೊಳಗೆ ಇದು ಹಿಡಿಸುವುದಿಲ್ಲ. ಪೆನ್ನನ್ನು ಡ್ರಾಯರಿನೊಳಗೇ ಹಾಕಿ, ಕೈ ಮೇಜಿನ ಮೇಲಿಟ್ಟು ಕೇಳಿದೆ: "ಸಾಯ್ಬೇಕು ಅನ್ನಿಸ್ತಾ ಇದೆಯಾ?"

ಅವರು ತಾಯಿಯ ಫೈಲಿನ ಅಂಚು ಸರಿ ಮಾಡಿದರು. ಡಾಕ್ಟರುಗಳಾದ ನಮಗೆ ಪೇಷೆಂಟ್ ಸುಮ್ಮನಾದ ತಕ್ಷಣ ಏನಾದರೊಂದು ಸುರಿದು ತುಂಬಿಸುವ ಚಪಲ. ಎಲ್ಲಾ ಸರಿಹೋಗುತ್ತೆ, ಧೈರ್ಯವಾಗಿರಿ, ಮಕ್ಕಳ ಮುಖ ನೋಡಿ. ನಾಲಗೆ ತುದಿಯಲ್ಲಿ ಎಲ್ಲವೂ ಸಾಲಾಗಿ ನಿಂತಿದ್ದವು. ಹೊರಗೆ ಯಾರೋ ಬಾಗಿಲು ತಟ್ಟಿದರು. ಸಿಂಕಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು, ಸಂಪು ನೆನಪಾಯಿತು. ಅಂಗಾಲು ನೆಲಕ್ಕೆ ಒತ್ತಿ ಕೂತೆ. ತರಬೇತಿಯ ದ್ರಾಕ್ಷಿ ನನಗೆ ದಕ್ಕಿರಲಿಲ್ಲ, ಆದರೆ ಈ ಮೌನವನ್ನು ಜಗಿದು ಕೂರುವುದು ಹೇಗೋ ಆಯಿತು.

"ನಿಮಗ್ ಯಾರ್ ಹೇಳಿದ್ರು ಮೇಡಂ?" ಅಂದರು ಕೊನೆಗೆ.

"ನೀವೇ."

"ನಾನೇನೂ ಹೇಳ್ಲಿಲ್ವಲ್ಲ."

"ಹೋಗ್ತೀನಿ ಅಂದ್ರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಮುಖ ಕದಡಿತು. "ಗೊತ್ತಾಗ್ಲಿಲ್ಲ ಮೇಡಂ," ಅಂದರು. "ಬಾಯಿಗೆ ಬಂದ್ಬಿಡ್ತು."

ಅಲ್ಲಿಂದ ಮುಂದೆ ಮಾತು ತಾನಾಗಿ ಬಂತು. ತಿಂಗಳುಗಳಿಂದ ನಿದ್ದೆ ಬೆಳಗಿನ ಜಾವವೇ ಬಿಟ್ಟುಹೋಗುತ್ತಿತ್ತು. ಊಟಕ್ಕೆ ರುಚಿ ಇಲ್ಲ. ಶೆಡ್ಡಿನಲ್ಲಿ ಮಷಿನ್ ಆನ್ ಮಾಡಿ ಸುಮ್ಮನೆ ನೋಡುತ್ತ ನಿಂತುಬಿಡುತ್ತಿದ್ದರು. ಯಾಕೆ ಅಂತ ಕೇಳಿದೆ. "ಅದೇ ಗೊತ್ತಿಲ್ಲ ಮೇಡಂ. ಕೆಲ್ಸ ಇದೆ, ಮನೆ ಇದೆ, ಮಗ ಚೆನ್ನಾಗ್ ಓದ್ತಾನೆ. ಎಲ್ಲಾ ಸರಿ ಇದೆ. ಅದೇ ಕಷ್ಟ. ಯಾರಿಗ್ ಏನಂತ ಹೇಳ್ಲಿ?" ಕಾರಣ ಹುಡುಕುವುದನ್ನು ಅಲ್ಲಿಗೇ ಬಿಟ್ಟೆ. ಖಿನ್ನತೆಗೆ ಯಾವಾಗಲೂ ಕಥೆ ಇರಬೇಕೆಂದಿಲ್ಲ. ಶುಗರಿಗೆ ನಾವು ಕಥೆ ಕೇಳುತ್ತೇವಾ?

ಮುಂದೆ ಕೇಳಬೇಕಾದ್ದನ್ನು ಕ್ರಮವಾಗಿ ಕೇಳಿದೆ. ಹೇಗೆ ಅಂತ ಯೋಚನೆ ಮಾಡಿದ್ದಾರಾ? ಮಾಡಿದ್ದರು. ಯಾವಾಗ? ಅದಕ್ಕೂ ಉತ್ತರ ಇತ್ತು, ಮತ್ತು ಆ ಉತ್ತರ ತೀರಾ ಹತ್ತಿರದ್ದಾಗಿತ್ತು. ಅದಕ್ಕೆ ಬೇಕಾದದ್ದು ಎಲ್ಲಿದೆ ಅನ್ನುವುದನ್ನೂ ಹೇಳಿದರು. ಏನು, ಎಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಗೊತ್ತಾದ ಮೇಲೆ ಡಾಕ್ಟರಿಗೆ ಉಳಿಯುವ ಕೆಲಸಗಳು ಸರಳ: ಒಂಟಿಯಾಗಿ ಬಿಡಬಾರದು, ಅದನ್ನು ಅವರ ಕೈಗೆ ಸಿಗದ ಹಾಗೆ ಮಾಡಬೇಕು, ಆ ದಿನವೇ ಮನೋವೈದ್ಯರ ಮುಂದೆ ಕೂರಿಸಬೇಕು. ಮೂರಕ್ಕೂ ಮನೆಯವರು ಬೇಕು.

"ನಿಮ್ಮ ಮನೆಯವರಿಗೆ ಫೋನ್ ಮಾಡ್ತೀನಿ."

"ಅವಳಿಗ್ ಬೇಡ ಮೇಡಂ. ಗಾಬರಿ ಬೀಳ್ತಾಳೆ."

"ಬೀಳ್ಲಿ. ಗಾಬರಿ ಬಿದ್ದು ಯಾರೂ ಸತ್ತಿಲ್ಲ. ನಾನೇ ಸಾಕ್ಷಿ."

"ನಿಮ್ಮ ಹತ್ರ ಹೇಳಿದ್ದು ನಿಮ್ಮ ಹತ್ರಾನೇ ಇರುತ್ತೆ ಅಂದ್ಕೊಂಡೆ."

ಈ ಮಾತು ನಾಟಿತು. ಆ ಮೇಜಿನ ಮೇಲೆ ಹೇಳಿದ ಎಷ್ಟೋ ಗುಟ್ಟುಗಳನ್ನು ನನ್ನ ಗಂಡನಿಗೂ ಹೇಳದೆ ಕಾಪಾಡಿದ್ದೇನೆ. ಆದರೂ ಹಿಂದೆ ಸರಿಯಲಿಲ್ಲ. "ಬೇರೆ ಏನ್ ಹೇಳಿದ್ರೂ ಇರುತ್ತೆ. ಇದೊಂದು ಇರಲ್ಲ. ಇದ್ರಲ್ಲಿ ನಿಮ್ಮ ಮಾತು ಕೇಳಲ್ಲ, ನನ್ನನ್ನ ಬೈಕೊಳ್ಳಿ. ನಿಮ್ಮೆದುರಿಗೇ ಮಾತಾಡ್ತೀನಿ, ಹಿಂದೆ ಮುಂದೆ ಏನೂ ಇಲ್ಲ. ನಂಬರ್ ನೀವ್ ಹೇಳ್ತೀರೋ, ಫೈಲಲ್ಲಿ ನೋಡ್ಲೋ?"

ಫೈಲಿನ ಕಡೆ ಕೈ ಚಾಚಿದೆ. ಅವರೇ ಹೇಳಿದರು.

ಹೆಂಡತಿಗೆ ಹೇಳಿದ್ದು ಇಷ್ಟು: ನಿಮ್ಮವರು ನನ್ನ ಹತ್ತಿರ ಕೂತಿದ್ದಾರೆ, ಮನಸ್ಸಿಗೆ ತುಂಬಾ ಹುಷಾರಿಲ್ಲ, ಅವರನ್ನು ಈಗ ಒಬ್ಬರೇ ಬಿಡುವ ಹಾಗಿಲ್ಲ, ನೀವು ಬನ್ನಿ, ಗಾಡಿ ಓಡಿಸಬೇಡಿ, ಆಟೋದಲ್ಲಿ ಬನ್ನಿ. ಆಮೇಲೆ ಪರಿಚಯದ ಮನೋವೈದ್ಯರಿಗೆ ಫೋನ್ ಮಾಡಿದೆ. ಅವರು ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದಾರೆ. ನಾಳೆ ಬೆಳಗ್ಗೆ ಕಳಿಸಿ ಅಂದರು. ಇವತ್ತೇ ಅಂದೆ. ಓಪಿಡಿ ಮುಗೀತಲ್ಲ ಮೇಡಂ ಅಂದರು. ನನ್ನದೂ ಮುಗಿದಿದೆ ಡಾಕ್ಟ್ರೇ, ಚಿಲಕ ಹಾಕಿ ಕೂತಿದ್ದೇನೆ ಅಂದೆ. ಸರಿ, ಎಮರ್ಜೆನ್ಸಿಗೆ ಕಳಿಸಿ, ನಾನು ಇರ್ತೀನಿ ಅಂದರು.

ಹೆಂಡತಿ ಬರುವ ತನಕ ಅವರನ್ನು ಒಳಗಿನ ಇಸಿಜಿ ಕೋಣೆಯಲ್ಲಿ ಕೂರಿಸಿದೆ. ಕೌಂಟರಿನ ಅಕ್ಕನನ್ನು ಕರೆದು, "ಅವರ ಪಕ್ಕ ಕೂತಿರಿ. ಯಾವ ಕಾರಣಕ್ಕೂ ಒಬ್ಬರನ್ನೇ ಬಿಡ್ಬೇಡಿ," ಅಂದೆ.

"ಟೋಕನ್ ಯಾರ್ ನೋಡ್ಕೊಳ್ಳೋದು? ಅವರೇನ್ ಓಡೋಗ್ತಾರಾ?"

"ಹೂಂ."

ಅಕ್ಕ ನನ್ನ ಮುಖ ನೋಡಿದರು. ಇನ್ನೇನೂ ಕೇಳದೆ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತಿನಲ್ಲೇ ಅಕ್ಕನ ಸೊಸೆಯ ಪುರಾಣ ಶುರುವಾದದ್ದು ಕೇಳಿಸಿತು. ಅದನ್ನು ಕೇಳುತ್ತ ಕೂತವರಿಗೆ ಬೇರೆ ಯಾವ ಯೋಚನೆಗೂ ಜಾಗ ಇರುವುದಿಲ್ಲ.

ನಾನು ಚಿಲಕ ತೆಗೆದು ಉಳಿದವರನ್ನು ನೋಡಿದೆ. ಅರ್ಧ ಜನ ಹೋಗಿದ್ದರು. ಅಧ್ಯಕ್ಷರು ಇದ್ದರು. ಗಂಟಲು ನೋಡಿ, ಉಗುರುಬೆಚ್ಚಗಿನ ಉಪ್ಪುನೀರು, ಎರಡು ದಿನ ಮೌನ ಅಂತ ಬರೆದೆ. "ಮೌನನಾ? ಭಾಷಣ?" ಅಂತ ಉಸುರಿದರು. "ಸುಮ್ನೆ ಕೂರೋದು ಒಳ್ಳೇದು ಸಾರ್, ನಾನೂ ಈಗೀಗ ಕಲೀತಿದೀನಿ," ಅಂದೆ. ಅವರ ಮುಖದಲ್ಲಿದ್ದದ್ದನ್ನು ಆ ಗಂಟಲು ಹೇಳಲಾರದೆ ಹೋದದ್ದು ನನ್ನ ಪುಣ್ಯ.

ಹೆಂಡತಿ ಬಂದವರು ಇಸಿಜಿ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟರು. ಅಳುತ್ತಾರೆ ಅಂದುಕೊಂಡೆ. "ಏನ್ರೀ ಇದು," ಅಂದರು ಮೆಲ್ಲಗೆ. "ಕೆಮ್ಮು ಅಂತ ಹೇಳ್ಬಿಟ್ ಬಂದ್ರಲ್ಲ." ಅವರು ತಲೆ ಎತ್ತಲಿಲ್ಲ. ಆಕೆ ಹೋಗಿ ಪಕ್ಕದಲ್ಲಿ ಕೂತು ಅವರ ಅಂಗಿಯ ತೋಳು ಹಿಡಿದುಕೊಂಡರು. ಏನು ಎಲ್ಲಿದೆ ಅನ್ನುವುದನ್ನು ಅವರು ತಾವೇ ಆಕೆಗೆ ಹೇಳುವಂತೆ ಮಾಡಿದೆ. ಆಕೆ ತಮ್ಮನಿಗೆ ಫೋನ್ ಮಾಡಿ, ಅದನ್ನು ಅಲ್ಲಿಂದ ತೆಗೆಸಿ, ತೆಗೆದಾಯಿತು ಅಂತ ಖಾತ್ರಿ ಮಾಡಿಕೊಂಡರು. ನಾನು ಆಸ್ಪತ್ರೆಗೆ ಪತ್ರ ಬರೆದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಅವರನ್ನು ದಾಖಲು ಮಾಡಿಕೊಂಡರು. ಚಿಕಿತ್ಸೆ ಈಗಲೂ ನಡೆಯುತ್ತಿದೆ. ಕೆಲವು ವಾರ ಚೆನ್ನಾಗಿರುತ್ತದೆ, ಕೆಲವು ಇರುವುದಿಲ್ಲ. ಶೆಡ್ಡಿಗೆ ಹೋಗುತ್ತಾರೆ. ಇದನ್ನು ಬರೆಯಲಾ ಅಂತ ಕೇಳಿದಾಗ, "ಬರೀರಿ, ಹೆಸ್ರು ಬೇಡ," ಅಂದರು. ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ. ಕೈ ತೊಳೆಯುತ್ತ ನಿಂತದ್ದರಿಂದಲೇ ಒಂದು ಜೀವ ಉಳಿಯಿತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಆ ತರಬೇತಿಯವರು ಅದನ್ನು ಬ್ರೋಷರಿನಲ್ಲಿ ಹಾಕಿಬಿಡುತ್ತಾರೆ. ನಾನು ಕೇಳಿಸಿಕೊಳ್ಳದೆ ಬಿಟ್ಟ ಮಾತುಗಳು ಎಷ್ಟಿವೆಯೋ, ಅವನ್ನು ಎಣಿಸುವ ದಾರಿಯಿಲ್ಲ. ಇಷ್ಟು ಮಾತ್ರ: ಈಗಲೂ ಪೆನ್ನಿಗೆ ಮುಚ್ಚಳ ಹಾಕಿಯೇ ಕೂರುತ್ತೇನೆ. ಈಗಲೂ ತಡವಾಗುತ್ತದೆ. ಓನರ್ ಈಗಲೂ ಸಂಪಿನ ವಿಷಯ ಎತ್ತುತ್ತಾರೆ. ಬೇಗ ಮುಗಿಸಿ ಅನ್ನುವವರಿಗೆ ಮೇನ್ ರೋಡಿನ ಗಾಜಿನ ಬಾಗಿಲು ತೋರಿಸುತ್ತೇನೆ. ಅಲ್ಲಿ ಎಸಿ ಚೆನ್ನಾಗಿದೆ ಅಂತಲೂ ಹೇಳುತ್ತೇನೆ.

ಇನ್ನು ಮೊದಲು ಹಾಕಿದ ಪಟ್ಟಿಯ ಲೆಕ್ಕ. ಮಗುವಿಗೆ ಫಿಟ್ಸ್ ಬರಲಿಲ್ಲ, ಸಿರಪ್ ಕುಡಿದು ಬೆಂಚಿನ ಕೆಳಗೆ ಆಡುತ್ತಿತ್ತು. ಯಾರೂ ಕುಸಿಯಲಿಲ್ಲ. ಗಾಜಿನ ಕ್ಲಿನಿಕ್ಕಿಗೆ ಹೋದವರಲ್ಲಿ ಬಹಳಷ್ಟು ಜನ, ಅಲ್ಲಿ ಬರೆದುಕೊಟ್ಟದ್ದು ಸರಿಯಾ ಅಂತ ಕೇಳುವುದಕ್ಕೆ ಮಾರನೆಯ ದಿನ ನನ್ನ ಹತ್ತಿರವೇ ಬಂದರು. ಅಧ್ಯಕ್ಷರ ಸಿಟ್ಟು ಅವರ ಗಂಟಲಿಗಿಂತ ಮುಂಚೆ ವಾಸಿಯಾಯಿತು.

ಆದದ್ದು ಒಂದೇ, ಅದು ಪಟ್ಟಿಯಲ್ಲೇ ಇರಲಿಲ್ಲ. ಗಂಡ ಹೆಂಡತಿಯನ್ನು ಆಟೋ ಹತ್ತಿಸಲು ವರಾಂಡಕ್ಕೆ ಬಂದಾಗ, ಇಡೀ ಸಂಜೆ ನೆಲ ನೋಡುತ್ತಿದ್ದ ಮನುಷ್ಯ ಒಮ್ಮೆಗೇ ನಿಂತರು. ಮೆಟ್ಟಿಲ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಬಗ್ಗಿ ಬೆಂಚಿನ ಕೆಳಗೆ ನೋಡಿದರು.

"ನನ್ ಚಪ್ಪಲಿ ಎಲ್ಲಿ?"

ಇರಲಿಲ್ಲ. ಆ ಜಾಗದಲ್ಲಿ ಹಿಮ್ಮಡಿ ಸವೆದ ಇನ್ಯಾರದೋ ಹಳೆಯ ಜೋಡಿ ಇತ್ತು.

"ಯಾವನ್ರೀ ಅವನು?" ಅವರ ದನಿ ವರಾಂಡದಲ್ಲಿ ಗಂಟೆಯ ಹಾಗೆ ಹೊಡೆಯಿತು. "ಕಣ್ ಕಾಣ್ಸಲ್ವಾ? ಮೊನ್ನೆ ಹಬ್ಬಕ್ಕೆ ತಗೊಂಡಿದ್ದು! ಅಳತೆ ಕೂಡ ಗೊತ್ತಾಗಲ್ವಾ ಹಾಕ್ಕೊಳೋವಾಗ?"

"ಬಿಡ್ರೀ, ಬೇರೆ ತಗೊಂಡ್ರಾಯ್ತು. ಆಟೋ ನಿಂತಿದೆ," ಅಂದರು ಹೆಂಡತಿ.

"ಬೇರೆ ಯಾಕ್ ತಗೋಬೇಕು? ಇನ್ನೂ ನಾಲ್ಕ್ ಸಲ ಹಾಕಿಲ್ಲ!" ಕೌಂಟರಿನ ಅಕ್ಕನ ಕಡೆ ತಿರುಗಿದರು. "ನೀವ್ ಇಲ್ಲೇ ಇರ್ತೀರಲ್ಲ, ನೋಡ್ಬಾರ್ದಾ?"

"ನಾನೇನ್ ಚಪ್ಪಲಿ ಕಾಯ್ತಾ ಕೂತಿದ್ನಾ?" ಅಕ್ಕ ಸೆರಗು ಸಿಕ್ಕಿಸಿಕೊಂಡು ಎದುರು ನಿಂತರು. "ಇಷ್ಟೊತ್ತೂ ನಿಮ್ಮನ್ನೇ ಅಲ್ವಾ ಕಾಯ್ತಾ ಕೂತಿದ್ದು!"

ಅವರು ಆ ಹಳೆಯ ಜೋಡಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು. "ಆದ್ರೂ ಹೊಸಾದು ರೀ," ಅಂತ ಗೊಣಗಿದರು. ಕೊನೆಗೆ ನಮ್ಮ ಬಾತ್‌ರೂಮಿನ ನೀಲಿ ಹವಾಯಿ ಹಾಕಿಕೊಂಡು, ಅದರ ತಳ ನೋಡಿ ಮುಖ ಹುಳ್ಳಗೆ ಮಾಡಿ, ಹೆಂಡತಿಯ ಜೊತೆ ಆಟೋ ಹತ್ತಿದರು. ಚಪ್ಪಲಿ ಸಿಗಲಿಲ್ಲ.